ಹಿಂದುಗಡೆ ಮಾತಾಡಿದ್ದು ಯಾರು

ಮೂರನೆಯ ರೊಟ್ಟಿ ಬಡಿಯುವಾಗ ಅಂಚು ಒಡೆಯಿತು. ಲಕ್ಷ್ಮೀದೇವಿ ಹಿಟ್ಟನ್ನು ಮತ್ತೆ ಉಂಡೆ ಮಾಡಿ, ಅಂಗೈಗೆ ನೀರು ಹಚ್ಚಿಕೊಂಡು ನಾದತೊಡಗಿದಳು. ಕೈ ಕೆಲಸದಲ್ಲಿದ್ದರೂ ಕಿವಿ ಹಿತ್ತಲಲ್ಲಿತ್ತು. ಅಲ್ಲಿ ಅವ್ವ ರಾತ್ರಿಯ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ಬಾಣಲೆಯ ತಳಕ್ಕೆ ತೆಂಗಿನ ನಾರು ಉಜ್ಜುವ ಸದ್ದು, ನಡುವೆ ಒಂದು ನಿಟ್ಟುಸಿರು, ಮತ್ತೆ ಸದ್ದು. ಆ ನಿಟ್ಟುಸಿರು ಸೊಂಟನೋವಿನದೋ, ಬೇರೆಯದರದೋ? ಹೋದ ವಾರವೂ ಅವ್ವ ಹೀಗೇ ಎದ್ದ ಕೂಡಲೇ ಪಾತ್ರೆಗೆ ಕೂರುತ್ತಿದ್ದಳೋ, ಇಲ್ಲಾ ಇದು ಸೋಮವಾರದ ಸಂಜೆಯಿಂದ ಶುರುವಾದದ್ದೋ? ಎಷ್ಟು ನೆನೆದರೂ ಹಿಂದಿನ ವಾರದ ಅವ್ವ ಕಣ್ಣೆದುರು ಬರಲೊಲ್ಲಳು. ಯುಗಾದಿಯಿಂದ ಒಂದೇ ಸೂರಿನಡಿ ಇದ್ದವಳನ್ನು ತಾನು ಸೋಮವಾರದ ತನಕ ನೋಡಿಯೇ ಇರಲಿಲ್ಲವಲ್ಲ ಎಂದು ರೊಟ್ಟಿಯನ್ನು ಹೆಂಚಿಗೆ ಹಾಕುವಾಗ ಹೊಳೆದು, ಬೆರಳು ಹೆಂಚಿಗೆ ತಾಗಿತು.

"ಬಿಡವ್ವಾ, ಸೊಂಟ ಹಿಡಕಂಡಾತು. ನಾ ಬಂದು ತಿಕ್ಕತೀನಿ," ಎಂದು ಕೂಗಿದಳು.

"ನೀ ಆಪೀಸಿಗೆ ಹೋಗೋಳು. ನಂಗೇನು ಕೆಲ್ಸ ಐತೆ? ಕೂಳು ತಿಂದು ಸುಮ್ನೆ ಕುಂದರಾಕೆ ಬಂದೀನಾ?"

ಯಾವ ತಾಯಿಯಾದರೂ ಆಡುವ ಮಾತು. ಆದರೆ ಲಕ್ಷ್ಮೀದೇವಿ ಅದನ್ನು ರೊಟ್ಟಿ ಮಗುಚಿದ ಹಾಗೆ ಮಗುಚಿ ನೋಡಿದಳು, ಎಲ್ಲಾದರೂ ಕರಿಕಲೆ ಇದೆಯೇ ಎಂದು. 'ಕೂಳು' ಎಂದದ್ದೇಕೆ? ಊಟ ಎನ್ನಬಹುದಿತ್ತು. ಆದರೆ ಅವ್ವ ಎಂದಾದರೂ ಊಟ ಎಂದವಳೇ? ಅವಳ ಬಾಯಲ್ಲಿ ಎಂದಿನಿಂದಲೂ ಕೂಳೇ. ನಾಲ್ಕು ದಿನದಿಂದ ಇದೇ ಆಗಿದೆ. ಅವ್ವ ಹಿತ್ತಲ ಬಾಗಿಲ ಹತ್ತಿರ ತಟ್ಟೆ ಹಿಡಿದು ಕೂತರೆ ಬಡಿಸುವ ಸೌಟು ಕೈಯಲ್ಲೇ ಉಳಿಯುತ್ತದೆ. ಅಲ್ಲಿ ಗಾಳಿ ಬರುತ್ತದೆ, ಕಾಲು ಚಾಚಲು ಜಾಗವಿದೆ, ಅದಕ್ಕೇ ಕೂತಿರಬಹುದು. ಆದರೂ ಕೇಳುವ ಹಾಗಿಲ್ಲ. 'ಯಾಕವ್ವ ಅಲ್ಲಿ ಕೂತೆ' ಎಂದು ಕೇಳಿದರೆ, 'ಯಾಕೆ, ಕೂರಬಾರದಾ' ಎಂದು ಅವಳು ತಿರುಗಿ ನೋಡಿದರೆ, ಆ ನೋಟದಲ್ಲಿ ಉತ್ತರ ಇದ್ದುಬಿಟ್ಟರೆ?

ಅವ್ವನನ್ನೂ, ಕಣ್ಣಿಗೆ ಕಟ್ಟಿಕೊಂಡು ಆಟವಾಡುವ ಆ ವಿಆರ್ ಪೆಟ್ಟಿಗೆಯನ್ನೂ ಒಂದೇ ದಿನ ತಂದಿಳಿಸಿದವನು ತಮ್ಮ ಸಿದ್ದೇಶ್. ಸೊಕ್ಕೆಯಲ್ಲಿ ಮನೆ, ಜಗಳೂರಿನಲ್ಲಿ ಮೊಬೈಲ್ ಅಂಗಡಿ. "ಅವ್ವ ಸ್ವಲ್ಪ ದಿನ ನಿನ್ ಹತ್ರ ಇರ್ಲಿ ಅಕ್ಕಾ. ಇದನ್ನ ಯಾರೋ ಎಕ್ಸ್‌ಚೇಂಜಿಗೆ ಕೊಟ್ಟು ಹೋದ್ರು, ನಮ್ಮೂರಾಗೆ ಯಾರೂ ತಗಳಲ್ಲ. ಕಣ್ಣಿಗೆ ಕಟ್ಕಂಡು ನೋಡು, ಇನ್ನೊಂದು ಲೋಕ," ಎಂದಿದ್ದ. ಮೊದಲು ತಿಂಗಳುಗಟ್ಟಲೆ ಅದು ಬೀರುವಿನ ಮೇಲೆ ಧೂಳು ತಿಂದಿತು. ಮಂಡಿ ನೋವಿಗೆ ರಜೆ ಹಾಕಿ ಕೂತ ದಿನಗಳಲ್ಲಿ ಒಮ್ಮೆ ಕಟ್ಟಿಕೊಂಡಳು. ಚನ್ನಗಿರಿಯ ಈ ನಡುಮನೆ ಮಾಯವಾಗಿ, ಸುತ್ತ ಗಾಜು, ಗಾಜಿನಾಚೆ ಕಪ್ಪು, ಕಪ್ಪಿನೊಳಗೆ ನಕ್ಷತ್ರ. ಅದೊಂದು ಬಾಹ್ಯಾಕಾಶ ನೌಕೆಯ ಆಟ. ನಾಲ್ವರು ಸೇರಿ ನಡೆಸಬೇಕು, ಒಬ್ಬರಿಂದ ಆಗದು. ಎಲ್ಲೆಲ್ಲಿಯೋ ಇರುವ, ಮುಖ ಕಾಣದ ನಾಲ್ವರು. ಒಬ್ಬರಿಗೆ ಚುಕ್ಕಾಣಿ, ಒಬ್ಬರಿಗೆ ಎಂಜಿನ್, ಒಬ್ಬರಿಗೆ ಗುರಾಣಿ ಮತ್ತು ಗುಂಡು. ಅವರವರ ಮುಂದೆ ಅವರವರ ಗುಂಡಿಗಳು ಮಾತ್ರ. ದಾರಿಯ ನಕ್ಷೆ ಯಾರಿಗೂ ಕಾಣದು. ಅದು ಕಾಣುವುದು ಕ್ಯಾಪ್ಟನ್ ಒಬ್ಬಳಿಗೆ. ಅವಳು ಬಾಯಿಬಿಟ್ಟು ಹೇಳಬೇಕು, ಉಳಿದವರು ಕೇಳಬೇಕು. ಕನ್ನಡದವರ ಒಂದು ಗುಂಪು ಸಿಕ್ಕಿತು. ಮಾತಾಡುತ್ತ ಮಾತಾಡುತ್ತ ಎಲ್ಲರೂ ಇಲ್ಲಿಯವರೇ ಎಂದು ತಿಳಿದು ನಕ್ಕಿದ್ದರು. ಚುಕ್ಕಾಣಿಯ ತಿಮ್ಮೇಶ್ ಜಗಳೂರಿನವನು, ಬೋರ್‌ವೆಲ್ ಲಾರಿಯ ಡ್ರೈವರ್, ಲಾರಿಯಲ್ಲೇ ಕೂತು ಕಣ್ಣಿಗೆ ಕಟ್ಟಿಕೊಳ್ಳುತ್ತಾನೆ. ಗುರಾಣಿಯ ಮುತ್ತುರಾಜ್ ನ್ಯಾಮತಿಯವನು, ಬೇಕರಿ ಇಟ್ಟಿದ್ದಾನೆ. ಎಂಜಿನ್ನಿನ ಉಷಾರಾಣಿ ಹೊನ್ನಾಳಿಯವರು, ಲಕ್ಷ್ಮೀದೇವಿಯದೇ ವಯಸ್ಸು, ಹೊಲಿಗೆ ಕಲಿಸುತ್ತಾರೆ. ಒಬ್ಬೊಬ್ಬರೂ ಒಂದೊಂದು ದಿನ ಕ್ಯಾಪ್ಟನ್ ಆಗಿ ನೋಡಿದ ಮೇಲೆ ಉಷಾರಾಣಿಯೇ ಹೇಳಿದ್ದು: "ಇವರೇ ಇರಲಿ ಕಣ್ರೋ. ಇವರ ದನಿ ಕೇಳಿದ್ರೆ ಹೆದರಿಕೆ ಹೋಗುತ್ತೆ."

ನಲವತ್ತಾರು ವರ್ಷದಲ್ಲಿ ಯಾರೂ ಅವಳಿಗೆ ಅಂಥದೊಂದು ಮಾತು ಹೇಳಿರಲಿಲ್ಲ.

ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಆ ಮಾತನ್ನೇ ನೆನೆಯುತ್ತಿದ್ದಳು. ಐದು ಹೆಂಗಸರು ದುಂಡಗೆ ಕೂರುತ್ತಾರೆ. ಪಲ್ಯಗಳು ಒಬ್ಬರಿಂದೊಬ್ಬರಿಗೆ ಸುತ್ತುತ್ತವೆ. ಲಕ್ಷ್ಮೀದೇವಿಯ ಡಬ್ಬಿಯೂ ಸುತ್ತುತ್ತದೆ. ಯಾರೂ ಬೇಡ ಎನ್ನುವುದಿಲ್ಲ. "ಅಯ್ಯೋ, ಘಮ ಅಂತೈತೆ ರೀ," ಎನ್ನುತ್ತಾರೆ, "ಹೊಟ್ಟೇಲಿ ಜಾಗಾನೇ ಇಲ್ಲ ನೋಡ್ರಿ," ಎನ್ನುತ್ತಾರೆ. ಡಬ್ಬಿ ಒಂದು ಸುತ್ತು ಹೊಡೆದು ಹೋದ ಹಾಗೇ ತುಂಬಿಕೊಂಡು ಹಿಂದಿರುಗುತ್ತದೆ. ಜಗಳವಾಡಲು ಅದರಲ್ಲಿ ಏನೂ ಇಲ್ಲ. ಇವತ್ತೂ ಬದನೆಕಾಯಿ ಎಣ್ಣೆಗಾಯಿ ಹೋಗಿ ಬಂತು. ಅವಳು ಅದನ್ನು ಪೂರ್ತಿ ತಾನೇ ತಿಂದಳು, ಅವ್ವ ತಿಕ್ಕಿ ತೊಳೆದ ಡಬ್ಬಿಯಿಂದ. ಹಡಗಿನಲ್ಲಿ ಡಬ್ಬಿಯಿಲ್ಲ. ಅಲ್ಲಿ ಅವಳಿಗೆ ನೀಲಿ ಅಂಗಿ, ಬಿಳಿ ಕೈಗವಸು, ಎಲ್ಲರಿಗೂ ಇರುವಂಥದೇ ಗೊಂಬೆ ಮುಖ. 'ಯಾರ ಪೈಕಿ ನೀವು, ಯಾವ ಕೇರಿ' ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಹೇಳದೇ ಇರುವುದು ಸುಳ್ಳಲ್ಲ ಎಂದುಕೊಂಡಿದ್ದಳು, ಸೋಮವಾರದ ತನಕ.

ಸೋಮವಾರ ಉಲ್ಕೆಗಳ ನಡುವೆ ಸಿಕ್ಕಿದ್ದರು. "ಎಡಕ್ಕೆ ತಿಮ್ಮೇಶ್, ಇನ್ನೂ ಎಡಕ್ಕೆ, ಸಾಕು," ಎನ್ನುತ್ತಿದ್ದಳು. ಅಷ್ಟರಲ್ಲಿ ನಕ್ಷತ್ರಗಳ ಹಿಂದಿನಿಂದೆಲ್ಲೋ ಅವ್ವನ ಕೂಗು ಬಂತು.

"ಲಚ್ಮೀ, ಬಾಡಿನೆಸರು ಕುದೀತೈತೆ, ಉಪ್ಪು ನೋಡ್ಬಾರೆ!"

ಅದು ಹಡಗಿನಲ್ಲಿ ಎಲ್ಲರಿಗೂ ಕೇಳಿಸಿತು. ತಿಮ್ಮೇಶ್ ಕಿಸಕ್ಕನೆ ನಕ್ಕ. "ಕ್ಯಾಪ್ಟನ್ ಮನೇಲಿ ಬಾಡೂಟ! ನಮಗಿಲ್ಲಿ ಲಾರಿಯಾಗೆ ತಣ್ಣನೆ ಚಿತ್ರಾನ್ನ!"

"ಅಯ್ಯೋ, ಶ್ರಾವಣ ಸೋಮವಾರ ಕಣ್ರೀ ಇವತ್ತು," ಎಂದರು ಉಷಾರಾಣಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. "ಹಿಂದುಗಡೆ ಮಾತಾಡಿದ್ದು ಯಾರ್ರೀ?"

"ಕೆಲಸದೋಳು."

ಯೋಚಿಸಿ ಆಡಿದ್ದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಕಾಲು ತಾನೇ ಹಿಂದೆಗೆಯುವ ಹಾಗೆ ಬಾಯಿಂದ ಬಂದಿತ್ತು. "ಅವಳಿಗೇ ಅಂತ ಮಾಡ್ಕೊಂಡಿದಾಳೆ," ಎಂದು ಸೇರಿಸಿದಳು.

"ಕೆಲಸದೋರು ನಿಮ್ಮನ್ನ ಬಾರೆ ಅಂತಾರಾ ಮೇಡಂ?" ತಿಮ್ಮೇಶ್ ಇನ್ನೂ ನಗುತ್ತಿದ್ದ.

"ನನ್ನ ಎತ್ತಾಡ್ಸಿ ಬೆಳೆಸಿದೋಳು. ಸಲಿಗೆ ಜಾಸ್ತಿ."

"ಒಳಗೇ ಒಲೆ ಮುಟ್ಟಿಸ್ತೀರಾ?" ಎಂದರು ಉಷಾರಾಣಿ. "ಇಲ್ರೀ, ಹಿತ್ತಲಲ್ಲಿ ಬೇರೆ ಒಲೆ ಐತೆ," ಎಂದಳು ಲಕ್ಷ್ಮೀದೇವಿ. "ಅಲ್ವಾ ಮತ್ತೆ. ಆದ್ರೂ ಹಳೇ ಹೆಂಗಸನ್ನ ಇಟ್ಕೊಂಡು ಸಾಕ್ತಿದೀರಲ್ಲ, ದೊಡ್ಡ ಗುಣ ನಿಮ್ಮದು," ಎಂದು ಉಷಾರಾಣಿ ಮನಸಾರೆ ಹೇಳಿದರು. ಹಡಗು ಉಲ್ಕೆಗಳನ್ನು ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪೆಟ್ಟಿಗೆಯನ್ನು ಆಗಲೇ ಕಿತ್ತೆಸೆದು ನೋಡಬಹುದಿತ್ತು, ಅವ್ವ ಅಲ್ಲೇ ನಿಂತಿದ್ದಳೋ, ಕೂಗಿ ಅಡುಗೆಮನೆಗೆ ಹಿಂದಿರುಗಿದ್ದಳೋ ಎಂದು. ನೋಡಲಿಲ್ಲ. ಆಟ ಮುಗಿದ ಮೇಲೂ ಖಾಲಿ ಹಡಗಿನಲ್ಲಿ ಒಬ್ಬಳೇ ಕೂತಿದ್ದಳು, ಕತ್ತಲಲ್ಲಿ ಹೆದರಿದ ಮಗು ಹೊದಿಕೆಯೊಳಗೆ ಇರುವ ಹಾಗೆ. ಕೊನೆಗೆ ಕಳಚಿದಾಗ ನಡುಮನೆ ಖಾಲಿ. ಒಲೆ ಆರಿಸಿತ್ತು, ಎಸರಿನ ಮೇಲೆ ತಟ್ಟೆ ಮುಚ್ಚಿತ್ತು. ಅವ್ವ ಅಂಗಳದಲ್ಲಿ ಪಕ್ಕದ ಮನೆಯ ಚೌಡಕ್ಕನ ಜೊತೆ ಮಾತಾಡುತ್ತಿದ್ದಳು. "ಉಪ್ಪು ಸರಿ ಐತೆ, ನಾನೇ ನೋಡಿದೆ," ಎಂದಳು. ಅಷ್ಟೇ. ಲಕ್ಷ್ಮೀದೇವಿ ಆ ರಾತ್ರಿ ಎರಡು ಸಲ ಎಸರು ಹಾಕಿಸಿಕೊಂಡು ಉಂಡಳು.

ಆ ಪದ ತನ್ನ ಬಾಯಿಗೆ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು. ಅವ್ವ ಕೆಲಸಕ್ಕೆ ಹೋಗುತ್ತಿದ್ದ ಸೊಕ್ಕೆಯ ದೊಡ್ಡಮನೆಯ ಹಿತ್ತಲು, ಗೋಡೆಗೆ ಒರಗಿಸಿಟ್ಟ ಮೊರಗಳು. ಅವ್ವನ ಸೀರೆಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ನಿಂತ ತಾನು. ಊರಿಗೆ ಬಂದ ನೆಂಟರು ಯಾರೋ ಇಣುಕಿ ಕೇಳಿದರು, ಯಾರದು? ಒಳಗಿನಿಂದ ಆ ಮನೆಯ ಅಮ್ಮ ಹೇಳಿದರು, ಯಾರೂ ಇಲ್ಲ, ಕೆಲಸದೋಳು. ಅದೇ ರಾಗ, ಅದೇ ಅವಸರ. ಆಗ ಅವ್ವನ ಮುಖ ಹೇಗಿತ್ತು? ಅಂದೂ ತಾನು ತಲೆಯೆತ್ತಿ ನೋಡಿರಲಿಲ್ಲ. ಸೆರಗಿನ ಉಪ್ಪುಪ್ಪು ರುಚಿಯೊಂದೇ ನೆನಪಿದೆ. "ಮೇಡಂ, ಈ ಫೈಲಿಗೆ ಸೀಲು," ಎಂದು ಜವಾನ ದೊಡ್ಡಣ್ಣ ಎರಡನೆಯ ಸಲ ಕರೆದಾಗ ಬೆಚ್ಚಿದಳು. ಸೀಲು ಓರೆಯಾಗಿ ಬಿತ್ತು.

ಇಷ್ಟಕ್ಕೇ ಮುಗಿದಿದ್ದರೆ ದಿನಗಳು ಕಳೆದಂತೆ ತಣ್ಣಗಾಗುತ್ತಿತ್ತೇನೋ. ಬುಧವಾರ ಉಷಾರಾಣಿ ಹೇಳಿದ್ದರು, "ಭಾನುವಾರ ನಿಮ್ಮೂರಲ್ಲಿ ನಮ್ಮ ನೆಂಟರ ಮಗುವಿನ ನಾಮಕರಣ. ಊಟ ಮುಗಿಸಿ ನಿಮ್ಮನೆಗೆ ಬಂದೇ ಬರ್ತೀನಿ. ಕ್ಯಾಪ್ಟನ್ ಮುಖ ನೋಡದೆ ಹೆಂಗೆ ಹೋಗಲಿ?" ಬೇಡ ಎನ್ನಲು ನೂರು ನೆಪವಿದ್ದವು. "ಬನ್ನಿ, ಬನ್ನಿ," ಎಂದಿದ್ದಳು, ಬೀದಿಯ ಗುರುತೂ ಹೇಳಿದ್ದಳು. ಆಮೇಲೆ ನಡುಮನೆಯಲ್ಲಿ ನಿಂತು ಸುತ್ತ ನೋಡಿದ್ದಳು. ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ನೀಲಿ ಕೋಟಿನ ಬಾಬಾಸಾಹೇಬರು. ಗಂಡ ರವಿಕುಮಾರ್ ಮನೆಯ ಪಾಯ ತೋಡುವ ಮೊದಲೇ ಕಟ್ಟು ಹಾಕಿಸಿ ತಂದಿದ್ದ ಫೋಟೊಗಳು. ಒಂದು ದೊಡ್ಡ ಕ್ಯಾಲೆಂಡರ್ ತೂಗುಹಾಕಿದರೆ ಎರಡೂ ಮುಚ್ಚಿಹೋಗುತ್ತವೆಯೇ ಎಂದು ಅವಳ ಕಣ್ಣು ಅಳತೆ ತೆಗೆದುಕೊಂಡಿತ್ತು. ಅಳೆದ ಮೇಲೆ, ತನ್ನ ಕಣ್ಣಿನ ಕಳ್ಳತನವನ್ನು ತಾನೇ ಹಿಡಿದವಳ ಹಾಗೆ ಗಕ್ಕನೆ ನಿಂತಿದ್ದಳು.

ಇವತ್ತು ಬೆಳಿಗ್ಗೆ, ಅವಳು ಆಫೀಸಿಗೆ ಹೊರಡುವಾಗ, ಅವ್ವ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು, "ನಾಳೆ ಸೊಕ್ಕೆಗೆ ಹೋಗ್ತೀನಿ ಕಣೆ. ಸಿದ್ದೇಶನ ಕೂಸು ಕಣ್ಣಾಗೆ ಕಟ್ದಂಗೆ ಆಗೈತೆ." ಇನ್ನೆರಡು ದಿನ ಇದ್ದು ಹೋಗವ್ವ ಎನ್ನಬೇಕಿತ್ತು. "ಆಯ್ತು," ಎಂದುಬಿಟ್ಟಳು. ಎಂದ ಕೂಡಲೇ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಬೀದಿಯ ತಿರುವಿನ ತನಕ ಹಗುರಾಗಿ ನಡೆದಳು. ತಿರುವಿನಲ್ಲಿ ಆ ಹಗುರು ಏನೆಂದು ಅರ್ಥವಾಗಿ, ಬೇಲಿಯ ಕಂಬ ಹಿಡಿದು ನಿಂತಳು. ಅವ್ವ ಹೋಗುತ್ತಾಳೆಂದು ತನಗೆ ಸಂತೋಷವಾಗಿತ್ತು. ಸೋಮವಾರ ಬಾಯಿ ತಪ್ಪಿ ಬಂದದ್ದು ಎನ್ನಬಹುದು, ಇದನ್ನು ಏನೆನ್ನುವುದು?

ಸಂಜೆ ಆರೂವರೆಗೆ ಪೆಟ್ಟಿಗೆ ಕಟ್ಟಿಕೊಂಡಳು. ಬೇಡವೆನಿಸಿದರೂ ಕಟ್ಟಿಕೊಂಡಳು. ಅಲ್ಲಿಯಾದರೂ ಒಂದು ಗಂಟೆ ಬೇರೆಯವಳಾಗಿರಬಹುದು. ಕೆಟ್ಟು ನಿಂತ ಹಡಗೊಂದರಿಂದ ಜನರನ್ನು ತಮ್ಮ ಹಡಗಿಗೆ ಹತ್ತಿಸಿಕೊಂಡು ಬರುವ ಆಟ. ಸುತ್ತ ಶತ್ರುಗಳು, ನಕ್ಷೆಯಲ್ಲಿ ಕೆಂಪು ಚುಕ್ಕೆಗಳಾಗಿ ಅವಳಿಗೆ ಮಾತ್ರ ಕಾಣುತ್ತಿದ್ದವು. "ಮುತ್ತುರಾಜ್, ಬಲಗಡೆ ಗುರಾಣಿ ಏರಿಸಿ," ಎಂದಳು. "ಆಯ್ತು ಮೇಡಂ." "ಉಷಾ ಅವರೇ, ಎಂಜಿನ್ ಅರ್ಧಕ್ಕೆ ಇಳಿಸಿ." "ಆಯ್ತು ಕ್ಯಾಪ್ಟನ್. ಭಾನುವಾರ ಮರೀಬೇಡಿ ಮತ್ತೆ, ನಮ್ಮ ಕಡೆ ಮಂಡಕ್ಕಿ ಉಂಡೆ ತರ್ತೀನಿ." ಬೆವರಿಗೆ ಪೆಟ್ಟಿಗೆ ಸ್ವಲ್ಪ ಮೇಲೆ ಸರಿದಿತ್ತು. ಮೂಗಿನ ಎರಡೂ ಬದಿ ಒಂದು ಸಂದಿ ಇರುತ್ತದೆ. ಅಷ್ಟು ದಿನ ಆಡಿದರೂ ಆ ಸಂದಿಯಿಂದ ಕೆಳಗೆ ನೋಡಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಈಗ ಕಣ್ಣು ತಾನಾಗಿ ಇಳಿಯಿತು. ನಡುಮನೆಯ ನೆಲ, ಬಾಗಿಲ ಹೊಸ್ತಿಲು. ಹೊಸ್ತಿಲಿನ ಈಚೆ ಎರಡು ಪಾದ.

ಬಿರುಕು ಬಿಟ್ಟ ಹಿಮ್ಮಡಿ, ಹೆಬ್ಬೆರಳಿನ ಸೀಳಿದ ಉಗುರು, ಸೀರೆಯ ಸವೆದ ಅಂಚು. ಪಾದಗಳು ಅಲ್ಲಿಂದ ಕದಲಲಿಲ್ಲ. ಈಗ ತಾನೇ ಬಂದು ನಿಂತ ಪಾದಗಳಲ್ಲ ಅವು. ಒಂದರ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ, ಬಹಳ ಹೊತ್ತು ನಿಂತು ಅಭ್ಯಾಸವಾದವರ ಹಾಗೆ ಇದ್ದವು.

"ಕ್ಯಾಪ್ಟನ್, ಎಡಕ್ಕಾ ಬಲಕ್ಕಾ?" ತಿಮ್ಮೇಶ್ ಕೇಳಿದ. ಹಾಗಾದರೆ ಸೋಮವಾರವೂ ಅವ್ವ ಇಲ್ಲೇ ಇದ್ದಳು. "ಮೇಡಂ, ಹೇಳ್ರಿ, ಏನೂ ಕಾಣ್ತಿಲ್ಲ ನಂಗೆ!" ಕೂಗಿ ಹೋದವಳಲ್ಲ, ಉತ್ತರಕ್ಕೆ ಕಾದು ನಿಂತಿದ್ದಳು. ಉತ್ತರವೂ ಅವಳಿಗೆ ಸಿಕ್ಕಿತ್ತು. "ಗುರಾಣಿ ಹೋಯ್ತು!" ಎಂದು ಮುತ್ತುರಾಜ್ ಕಿರುಚಿದ. "ಲಕ್ಷ್ಮೀ ಅವರೇ, ಏನಾಯ್ತ್ರೀ? ಇದೀರಾ?" ಉಷಾರಾಣಿಯ ದನಿ ನಿಜವಾಗಿ ನಡುಗುತ್ತಿತ್ತು. ಕೆಂಪು ಚುಕ್ಕೆಗಳು ನಕ್ಷೆಯ ನಡುವಿಗೆ ಬಂದು ಸೇರಿದವು. ಬಾಯಿ ತೆರೆದರೆ ಒಂದೇ ಪದ ಬರುವಂತಿತ್ತು, ಅವ್ವಾ ಎಂದು. ಅವಳು ತೆರೆಯಲಿಲ್ಲ. ಗಾಜು ಒಡೆಯಿತು, ಸದ್ದಿಲ್ಲದ ಬಿಳಿ ಬೆಳಕು ತುಂಬಿತು, ಹತ್ತಿಸಿಕೊಂಡಿದ್ದ ಜನರೆಲ್ಲ ಸತ್ತರೆಂದು ಪರದೆ ಹೇಳಿತು.

ಪೆಟ್ಟಿಗೆ ಕಳಚಿದಳು. ಅವ್ವ ಅಲ್ಲೇ ನಿಂತಿದ್ದಳು.

"ಮುಳುಗೋತಾ?"

"ಹೂಂ."

"ನಾ ಅಡ್ಡ ಬಂದೆನೇನು?"

"ಇಲ್ಲವ್ವ. ನೀ... ದಿನಾ ಇಲ್ಲೇ ನಿಂತಿರ್ತೀಯಾ?"

"ಹೂಂ ಮತ್ತೆ. ಆ ಪೆಟ್ಟಿಗೆಯಾಗೆ ಸೊಳ್ಳೆ ಮಾತಾಡಿದಂಗೆ ಕೇಳಿಸ್ತೈತೆ, ಆಯ್ತು ಮೇಡಂ, ಆಯ್ತು ಮೇಡಂ ಅಂತ. ನನ್ನ ಮಗಳು ಹೇಳ್ದಂಗೆ ಅಷ್ಟು ಮಂದಿ ಕೇಳ್ತಾರಲ್ಲ. ಅದನ್ನ ಕೇಳಾಕೆ ಚಂದ." ಅವ್ವ ನೆಲಕ್ಕೆ ಕೂತು ಮೊಣಕಾಲು ನೀವಿಕೊಂಡಳು. ಅಷ್ಟು ದಿನ ಹೇಳದೆ ಇಟ್ಟುಕೊಂಡದ್ದನ್ನು ಬೆಳಗಿನ ಸಂತೆಯ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. "ಆ ಹೊನ್ನಾಳಿಯಮ್ಮ ಭಾನುವಾರ ಬರ್ತಾಳಂತಲ್ಲ. ನಾಳೆ ಮೊದಲ್ನೇ ಬಸ್ಸಿಗೆ ನಾ ಹೋದ್ರೆ ನಿಂಗೂ ಸಲೀಸು. ಕೇಳಿದ್ರೆ, ಕೆಲಸದೋಳು ಊರಿಗೆ ಹೋಗ್ಯಾಳೆ ಅನ್ನು."

ಹೇಳಿ ನಕ್ಕಳು. ಹಲ್ಲಿಲ್ಲದ ಬಾಯಿ ತುಂಬ ನಗು. ಲಕ್ಷ್ಮೀದೇವಿ ಆ ನಗೆಯಲ್ಲಿ ಮುಳ್ಳು ಹುಡುಕಿದಳು; ಒಂದು ಮುಳ್ಳಾದರೂ ಇದ್ದಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು, ಕಾಲಿಗೆ ಬೀಳಬಹುದಿತ್ತು.

"ಅವ್ವಾ, ನಾ..."

"ಮುಖ ಯಾಕೆ ಹಂಗೆ ಮಾಡ್ತೀಯ? ತಮಾಷೆಗಂದೆ ಕಣೆ. ದೊಡ್ಮನೆಗೆ ನೆಂಟ್ರು ಬಂದ್ರೂ ನಂಗೆ ರಜಾನೇ ಇರ್ತಿತ್ತು. ನಂಗೇನು ಹೊಸದಾ? ನಿನ್ ಮರ್ಯಾದಿ ದೊಡ್ಡದು." ಎದ್ದು, ಮಗಳ ತಲೆಗೂದಲಿನಲ್ಲಿ ಪೆಟ್ಟಿಗೆಯ ಪಟ್ಟಿ ಬಿಟ್ಟಿದ್ದ ಗುರುತನ್ನು ಬೆರಳಿಂದ ಸರಿಮಾಡಿ, "ಚೌಡಕ್ಕಂಗೆ ಹೇಳಿ ಬರ್ತೀನಿ, ನಾಳೆ ಇರಂಗಿಲ್ಲ ಅಂತ," ಎಂದು ಹೊರಗೆ ಹೋದಳು.

ಲಕ್ಷ್ಮೀದೇವಿ ಕೂತಲ್ಲೇ ಕೂತಿದ್ದಳು. ಫೋನು ಮಿನುಗುತ್ತಿತ್ತು. ಉಷಾರಾಣಿಯ ಸಂದೇಶ: 'ಗಾಬರಿ ಆಯ್ತು. ಹುಷಾರಾಗಿದೀರಾ? ಆಟ ಹೋದ್ರೆ ಹೋಗಲಿ.' ಒಳ್ಳೆಯ ಹೆಂಗಸು. ಬರುತ್ತಾರೆ, ಈ ಕುರ್ಚಿಯಲ್ಲಿ ಕೂರುತ್ತಾರೆ, ಗೋಡೆ ನೋಡುತ್ತಾರೆ. ಆಮೇಲೆ ನೀರು ಕುಡಿಯುತ್ತಾರೋ, ಹೊಟ್ಟೆಯಲ್ಲಿ ಜಾಗವಿಲ್ಲ ಎನ್ನುತ್ತಾರೋ? ಬರಬೇಡಿ ಎಂದು ಈಗಲೇ ಬರೆದುಬಿಡಬಹುದು. ನನಗೆ ಜ್ವರ ಎಂದರೆ ಸಾಕು, ಅವರು ನಂಬುತ್ತಾರೆ. ಅವ್ವನೂ ಹೋಗಿರುತ್ತಾಳೆ. ಸೋಮವಾರ ಸಂಜೆ ಮತ್ತೆ ಹಡಗು, ಮತ್ತೆ ಆಯ್ತು ಮೇಡಂ. ಇಡೀ ಲೋಕ ಅವಳ ಸುಳ್ಳಿಗೆ ದಾರಿ ಬಿಟ್ಟುಕೊಡಲು ಕಾದು ನಿಂತ ಹಾಗಿತ್ತು, ಎಲ್ಲರಿಗಿಂತ ಮುಂದೆ ಅವ್ವ.

'ಹುಷಾರಾಗಿದೀನಿ. ಭಾನುವಾರ ಬನ್ನಿ,' ಎಂದು ಬರೆದಳು.

ಲಕ್ಷ್ಮೀದೇವಿ ಎದ್ದು ಅವ್ವನ ಕೋಣೆಗೆ ಹೋದಳು. ಚಾಪೆಯ ಮೇಲೆ ಬಟ್ಟೆಯ ಗಂಟು ಆಗಲೇ ಸಿದ್ಧವಾಗಿತ್ತು. ದಿಂಬಿನ ಕೆಳಗೆ ಎಲೆಯಡಿಕೆಯ ಸಂಚಿ. ಬಿಚ್ಚಿದಳು. ಸುಣ್ಣದ ಡಬ್ಬಿ, ಒಣಗಿದ ಎಲೆ, ಅದರ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು. ಸುಂಕಲಮ್ಮ, ಸೊಕ್ಕೆ. ಫೋಟೊದಲ್ಲಿ ಅವ್ವ ಹೆದರಿದವಳಂತೆ ಕಣ್ಣು ಅಗಲಿಸಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವ್ವ ಈ ಕಾರ್ಡನ್ನು ಹಿಡಿದು ರಾಣಿಯ ಹಾಗೆ ಓಡಾಡುತ್ತಾಳೆ. ಟಿಕೆಟಿಗೆ ದುಡ್ಡು ಕೊಟ್ಟು ಹೋಗು ಎಂದರೆ ಸತ್ತರೂ ಬಸ್ಸು ಹತ್ತಳು. ಅದನ್ನೊಂದು ಅವಮಾನವೆಂದೇ ತಿಳಿದಿದ್ದಾಳೆ. ಕಾರ್ಡು ಕಾಣದಿದ್ದರೆ ಮನೆಯೆಲ್ಲ ತಡಕುತ್ತಾಳೆ, ತನ್ನ ಮರೆವನ್ನು ತಾನೇ ಬೈದುಕೊಳ್ಳುತ್ತಾಳೆ, ಕಣ್ಣೀರೂ ಹಾಕಬಹುದು. ಇದೂ ಅವ್ವನಿಗೆ ಮಾಡುವ ಮೋಸವೇ ಎಂದು ಲಕ್ಷ್ಮೀದೇವಿಗೆ ತಿಳಿಯದೇ ಇರಲಿಲ್ಲ. ಭಾನುವಾರ ಉಷಾರಾಣಿ ಇವರು ಯಾರು ಎಂದು ಕೇಳಿದಾಗ ತನ್ನ ಬಾಯಿ ಏನು ಹೇಳುತ್ತದೆ ಎಂಬ ಖಾತರಿಯೂ ಅವಳಿಗಿರಲಿಲ್ಲ. ಆ ಬಾಯನ್ನು ಅವಳು ಇನ್ನು ನಂಬುವ ಹಾಗಿಲ್ಲ. ಆದರೆ ಆ ಪ್ರಶ್ನೆ ಕೇಳುವಾಗ ಅವ್ವ ಎದುರಿಗೇ, ಬೆಳಕಿನಲ್ಲಿ, ಕುರ್ಚಿಯ ಮೇಲೆ ಕೂತಿರಬೇಕು. ತಾನು ಅವಳ ಮುಖವನ್ನು ನೋಡುತ್ತಲೇ ಉತ್ತರ ಹೇಳಬೇಕು. ಅಷ್ಟನ್ನು ಮಾತ್ರ ಈಗ ಮಾಡಬಹುದು.

ಕಾರ್ಡನ್ನು ಕುಪ್ಪಸದೊಳಗೆ ಸೇರಿಸಿ, ಸಂಚಿಯನ್ನು ಮೊದಲಿನ ಹಾಗೆ ಸುತ್ತಿ ದಿಂಬಿನ ಕೆಳಗಿಟ್ಟಳು.

ಗೇಟು ಕಿರುಗುಟ್ಟಿತು. ರವಿಕುಮಾರ್ ದಾವಣಗೆರೆಯ ಕೆಲಸ ಮುಗಿಸಿ ಬಂದಿದ್ದ, ಹಿಂದೆಯೇ ಅವ್ವ. "ಅತ್ತೆ ನಾಳೆ ಊರಿಗಂತೆ?" ಎಂದ ಚಪ್ಪಲಿ ಬಿಡುತ್ತ. "ಇನ್ನೆರಡು ದಿನ ಇರು ಅನ್ನಬಾರ್ದಾ ನೀನು?"

"ಹೋಗ್ತೀನಿ ಅಂತಾಳೆ," ಎಂದಳು ಲಕ್ಷ್ಮೀದೇವಿ. ಅಡುಗೆಮನೆಗೆ ಹೋಗಿ, ಹಾಲು ಉಗುರುಬೆಚ್ಚಗಾಗಿದೆಯೇ ಎಂದು ಬೆರಳದ್ದಿ ನೋಡಿ, ನಾಳೆಗೆ ಮೂವರಿಗೂ ಸಾಲುವಷ್ಟು ಮೊಸರಿಗೆ ಹೆಪ್ಪು ಹಾಕಿದಳು.